ಕೊಚ್ಚಿಗೆ ಮತ್ತೊಮ್ಮೆ

ಇಪ್ಪತ್ತೆಂಟು ವರ್ಷಗಳಿಂದ ನಾನು ಒಂಬತ್ತನೆಯ ತರಗತಿಯ ಮಕ್ಕಳಿಂದ ಒಂದು ಪ್ರಬಂಧವನ್ನು ಬರೆಯಿಸುತ್ತ ಬಂದಿದ್ದೇನೆ. 'ನಾನು ಕಂಡ ಒಂದು ನಗರ' ಎಂದು ಅದರ ಹೆಸರು. ಮಕ್ಕಳು ಹೆಚ್ಚಿನವರು ಯಾವ ನಗರವನ್ನೂ ಕಂಡವರಲ್ಲ. ಆದ್ದರಿಂದ ನಾನು ಕಂಡ ನಗರವನ್ನೇ ಅವರೂ ಕಂಡಂತೆ ಬರೆಯುತ್ತಾರೆ. ಆ ನಗರ ಕೊಚ್ಚಿ. 1994ರಲ್ಲಿ ಒಮ್ಮೆ ಹೋಗಿ ಮೂರು ದಿನ ಇದ್ದು ಬಂದಿದ್ದೆ. "ಅಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು, ಯಹೂದ್ಯರು, ಜೈನರು ಎಲ್ಲರೂ ಒಂದೇ ತಾಯಿಯ ಮಕ್ಕಳಂತೆ ಬಾಳಿದರು" ಎಂಬ ವಾಕ್ಯ ನನ್ನದು. ಸುಮಾರು ಎರಡು ಸಾವಿರ ಉತ್ತರಪತ್ರಿಕೆಗಳಲ್ಲಿ ಆ ವಾಕ್ಯವನ್ನು ನಾನೇ ಓದಿ, ನಾನೇ ಮೆಚ್ಚಿ, ನಾನೇ ಅಂಕ ಕೊಟ್ಟಿದ್ದೇನೆ.

2024ರ ಕೊನೆಯಲ್ಲಿ ಒಬ್ಬ ಹುಡುಗಿ ಪ್ರಬಂಧವನ್ನು ಬರೆದು ಮುಗಿಸಿ, ಎದ್ದು ನಿಂತು ಕೇಳಿದಳು: "ಅಷ್ಟು ಚೆನ್ನಾಗಿದ್ದ ಊರಾದರೆ ಯಹೂದ್ಯರು ಬಿಟ್ಟು ಹೋದದ್ದೇಕೆ ಸಾರ್?"

ನಾನು ಸಂಧಿ, ಸಮಾಸ, ಷಟ್ಪದಿಗಳನ್ನು ಹೇಳಿಕೊಡುವ ಕನ್ನಡ ಪಂಡಿತ. ಗೊತ್ತಿಲ್ಲದ ಪ್ರಶ್ನೆ ಬಂದಾಗ ಗಂಟೆ ಬಾರಿಸುವವರೆಗೆ ಮಾತನಾಡುವುದು ನಮ್ಮ ವೃತ್ತಿಯಲ್ಲಿ ಸಿದ್ಧಿಸುವ ವಿದ್ಯೆ. ಅಂದೂ ಹಾಗೆಯೇ ಮಾಡಿದೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. 2025ರ ಜನವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ಮತ್ತೆ ಕೊಚ್ಚಿಗೆ ಹೊರಟೆ. ಆ ಪ್ರಯಾಣದ ವಿಚಾರವನ್ನೇ ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಮೊದಲ ಸಲ ಹೋದಾಗ ನಮ್ಮ ಉತ್ತರ ಕನ್ನಡದ ಕರಾವಳಿಗೆ ರೈಲು ಬಂದಿರಲಿಲ್ಲ. ಮಂಗಳೂರಿನವರೆಗೆ ಬಸ್ಸಿನಲ್ಲಿ ಮೈಮುರಿದುಕೊಂಡು ಹೋಗಿ, ಅಲ್ಲಿಂದ ರಾತ್ರಿಯ ಗಾಡಿ ಹಿಡಿದು, ಬೆಳಗ್ಗೆ ಎರ್ನಾಕುಳಂನಲ್ಲಿ ಇಳಿದಿದ್ದೆ. ಈಗ ಕೊಂಕಣ ರೈಲಿನಲ್ಲಿ ಕುಳಿತರೆ ಒಂದೇ ನಿದ್ದೆಗೆ ಆಯಿತು. ದೋಣಿಕಟ್ಟೆಗೆ ಬಂದು ನೋಡಿದರೆ, ಹಳೆಯ ಸರಕಾರಿ ದೋಣಿಯ ಜೊತೆಗೆ ವಿದ್ಯುತ್ತಿನಿಂದ ನಡೆಯುವ, ಗಾಜಿನ ಕಿಟಕಿಗಳ, ತಂಪು ಮಾಡಿದ ಹೊಸ ದೋಣಿಗಳೂ ಇವೆ. 2023ರಲ್ಲಿ ಆರಂಭವಾದ ಜಲಮೆಟ್ರೋ ಅದು. ನಾನು ಹಳೆಯ ದೋಣಿಯನ್ನೇ ಹತ್ತಿದೆ. ಅದರಲ್ಲಿ ಗಾಳಿ ಬರುತ್ತದೆ, ಜನ ಮಾತನಾಡುವುದು ಕೇಳುತ್ತದೆ.

ಈ ಊರು ನೀರಿನಿಂದಲೇ ಹುಟ್ಟಿದ್ದು. 1341ರಲ್ಲಿ ಪೆರಿಯಾರ್ ನದಿಗೆ ಮಹಾಪೂರ ಬಂದು, ಉತ್ತರದ ಕೊಡುಂಗಲ್ಲೂರಿನ ಹಳೆಯ ರೇವು ಹೂಳಿನಿಂದ ಮುಚ್ಚಿಹೋಗಿ, ಕೊಚ್ಚಿಯಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆಯಿತು ಎನ್ನುತ್ತಾರೆ. ಬಾಯಿ ತೆರೆದ ಮೇಲೆ ತುತ್ತು ಬಂತು, ತುತ್ತಿನ ಹಿಂದೆ ಕೈಗಳು ಬಂದವು. 1500ರಲ್ಲಿ ಪೋರ್ತುಗೀಸರು, 1663ರಲ್ಲಿ ಅವರನ್ನು ಹೊಡೆದೋಡಿಸಿ ಡಚ್ಚರು, 1795ರಲ್ಲಿ ಡಚ್ಚರನ್ನು ಹೊರಡಿಸಿ ಇಂಗ್ಲಿಷರು. ಮೂವರೂ ಬಂದದ್ದು ಮೆಣಸಿಗಾಗಿ. ಆ ಕಾಲದ ಮೆಣಸಿನ ಕಥೆ ನಮಗೆ ಹೊಸದಲ್ಲ. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ಮೆಣಸಿನ ರಾಣಿಯೆಂದೇ ಕರೆದರು.

ಮೆಣಸಿನ ಮಾತು ಬಂದದ್ದರಿಂದ ಪಂಡಿತನಾದವನು ಒಂದು ಮಾತು ಹೇಳದಿರಲಾರ. ನಾವು ದಿನವೂ ತಿನ್ನುವ ಮೆಣಸಿನಕಾಯಿ ನಮ್ಮ ದೇಶದ್ದಲ್ಲ. ಅಮೆರಿಕದಿಂದ ಪೋರ್ತುಗೀಸರ ಹಡಗಿನಲ್ಲಿ ಬಂದದ್ದು. ಕನ್ನಡದಲ್ಲಿ ಅದು ಮೆಣಸಿನ ಹೆಸರನ್ನು ಕಸಿದುಕೊಂಡು ಕುಳಿತಿತು. ಮಲೆಯಾಳದಲ್ಲಿ ಕೆಲವೆಡೆ ಅದಕ್ಕೆ 'ಕಪ್ಪಲ್ ಮುಳಕ್', ಎಂದರೆ ಹಡಗು ಮೆಣಸು, ಎಂದೇ ಹೆಸರು. ನೆಲಗಡಲೆ ಅವರಿಗೆ 'ಕಪ್ಪಲಂಡಿ'. ಅದೂ ಹಡಗಿನಿಂದ ಇಳಿದ ಬೀಜವೇ. ನಮ್ಮಲ್ಲಿ 'ಪರಂಗಿ ಹಣ್ಣು' ಎನ್ನುವುದಿಲ್ಲವೆ, ಹಾಗೆ. ಚಾವಿ, ಅಲಮಾರು, ಬಟಾಟೆ, ಪಾದ್ರಿ, ಇಸ್ತ್ರಿ ಇವೆಲ್ಲ ಪೋರ್ತುಗೀಸರು ಬಿಟ್ಟುಹೋದ ಮಾತುಗಳು. ಬಟಾಟೆಯನ್ನು ಈಗ ಯಾರೂ ವಿದೇಶಿ ಎನ್ನುವುದಿಲ್ಲ. ನಮ್ಮ ಕಡೆ ಮದುವೆಯ ಊಟದಲ್ಲಿ ಕೂಡ ಅದಕ್ಕೆ ಎಲೆ ಉಂಟು.

ದೋಣಿ ಕೋಟೆ ಕೊಚ್ಚಿಯ ಕಟ್ಟೆಯನ್ನು ಸಮೀಪಿಸಿದಾಗ ಮೊದಲು ಕಣ್ಣಿಗೆ ಬೀಳುವುದು ಚೀನದ ಬಲೆ. ಮಲೆಯಾಳದಲ್ಲಿ 'ಚೀನವಲ'. ಉದ್ದನೆಯ ಗಳುಗಳ ತುದಿಗೆ ಜೋಲಾಡುವ ದೊಡ್ಡ ಬಲೆ. ಹಿಂದೆ ಹಗ್ಗಗಳಿಗೆ ಕಟ್ಟಿದ ಕಲ್ಲುಗುಂಡುಗಳು. ನಾಲ್ಕಾರು ಜನ ಹಗ್ಗ ಜಗ್ಗಿದರೆ ಕಲ್ಲುಗಳ ಭಾರಕ್ಕೆ ಬಲೆ ಮೇಲೇಳುತ್ತದೆ, ಬಿಟ್ಟರೆ ನೀರಿಗಿಳಿಯುತ್ತದೆ. ನಮ್ಮ ತೋಟದ ಏತವನ್ನು ನೋಡಿದವರಿಗೆ ಅರ್ಥವಾಗಲು ಹೊತ್ತು ಹಿಡಿಯುವುದಿಲ್ಲ. 1994ರಲ್ಲಿ ಅದರ ಮುಂದೆ ನಿಂತು ನಾನು ದಿನಚರಿಯಲ್ಲಿ ಎರಡು ಪುಟ ಬರೆದಿದ್ದೆ. ಈಗ ಬಲೆಗಳು ಕಡಮೆಯಾಗಿವೆ. ಕೆಲವಕ್ಕೆ ಮರದ ಗಳುವಿನ ಬದಲು ಕಬ್ಬಿಣದ ಕೊಳವೆ ಬಂದಿದೆ. ಹಗ್ಗ ಜಗ್ಗುತ್ತಿದ್ದವನು ನನ್ನನ್ನೂ ಒಂದು ಕೈ ಹಾಕಲು ಕರೆದ, ಹಾಕಿದೆ, ಎತ್ತಿದ ಬಲೆಯಲ್ಲಿ ಒಂದು ಹಿಡಿ ಸಣ್ಣ ಮೀನು, ಒಂದು ಪ್ಲಾಸ್ಟಿಕ್ ಚೀಲ. ಅವನು ಕೇಳಿದಷ್ಟು ಹಣ ಕೊಟ್ಟೆ. ಮೀನಿಗಿಂತ ನನ್ನಂಥವರೇ ಅವನ ಬಲೆಗೆ ಹೆಚ್ಚು ಬೀಳುತ್ತಾರೆ ಎಂದು ತೋರಿತು.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಸಂತ ಫ್ರಾನ್ಸಿಸರ ಇಗರ್ಜಿ. ಪೋರ್ತುಗೀಸರು 1503ರಲ್ಲಿ ಮರದಿಂದ ಕಟ್ಟಿ, 1516ರಲ್ಲಿ ಕಲ್ಲಿನಿಂದ ಮತ್ತೆ ಕಟ್ಟಿದ್ದು. ಅವರ ಕಾಲದಲ್ಲಿ ಕ್ಯಾಥೊಲಿಕರದು, ಡಚ್ಚರ ಕಾಲದಲ್ಲಿ ಪ್ರಾಟೆಸ್ಟಂಟರದು, ಇಂಗ್ಲಿಷರ ಕಾಲದಲ್ಲಿ ಆಂಗ್ಲಿಕನರದು. ವಾಸ್ಕೊ ಡ ಗಾಮ ವೈಸರಾಯನಾಗಿ ಮೂರನೆಯ ಸಲ ಬಂದು, 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲೇ ಸತ್ತ; ಅವನನ್ನು ಹೂಳಿದ್ದು ಈ ಇಗರ್ಜಿಯಲ್ಲಿ. 1539ರಲ್ಲಿ ಅಸ್ಥಿಗಳನ್ನು ಪೋರ್ತುಗಲಿಗೆ ಒಯ್ದರು. ಈಗ ಉಳಿದಿರುವುದು ಬರಿಯ ಹಾಸುಗಲ್ಲು, ಅದರ ಸುತ್ತ ಕಟಕಟೆ. ಮೊದಲ ಸಲ ಬಂದಾಗ, 1498ರಲ್ಲಿ ಕಾರವಾರದ ಎದುರಿನ ಅಂಜದ್ವೀಪದಲ್ಲಿ ಲಂಗರು ಹಾಕಿದ ಮನುಷ್ಯ ಇವನೇ ಅಲ್ಲವೆ ಎಂದು ಯುವಕನಾಗಿದ್ದಾಗ ಆ ಕಲ್ಲಿನ ಮುಂದೆ ನಿಂತು ರೋಮಾಂಚಗೊಂಡಿದ್ದೆ. 1502ರಲ್ಲಿ ಮೆಕ್ಕಾ ಯಾತ್ರೆಯಿಂದ ಮರಳುತ್ತಿದ್ದ ಹಡಗನ್ನು ಹೆಂಗಸರು ಮಕ್ಕಳ ಸಮೇತ ಸುಡಿಸಿದವನೂ ಇವನೇ ಎಂಬುದು ಆಗ ನನಗೆ ಗೊತ್ತಿತ್ತು. ಆದರೆ ರೋಮಾಂಚಕ್ಕೆ ಅದು ಅಡ್ಡ ಬಂದಿರಲಿಲ್ಲ. ಈ ಸಲ ರೋಮಾಂಚವಾಗಲಿಲ್ಲ. ವಯಸ್ಸಿನ ಗುಣವೂ ಇರಬಹುದು.

ಈ ಸಲ ನನ್ನ ಕಣ್ಣು ಹೋದದ್ದು ಮೇಲಕ್ಕೆ. ಬೆಂಚುಗಳ ಸಾಲಿನ ಮೇಲೆ ಅಡ್ಡ ತೊಲೆಗಳಿಂದ ಇಳಿಬಿಟ್ಟ ಬಟ್ಟೆಯ ಪಂಖಗಳು. ಅವುಗಳಿಗೆ ಕಟ್ಟಿದ ಹಗ್ಗ ಗೋಡೆಯ ಕಡೆಗೆ ಹೋಗುತ್ತದೆ. ಅಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಹಗ್ಗವನ್ನು ಹೊರಗೆ ನಿಂತವರು ಎಳೆಯುತ್ತಿದ್ದರು" ಎಂದರು. ನಾನು ಹೊರಗೆ ಹೋಗಿ ಆ ಕಡೆ ನಿಂತು ನೋಡಿದೆ. ಹತ್ತೂವರೆ ಗಂಟೆಯ ಬಿಸಿಲು. ಒಳಗೆ ಪ್ರಾರ್ಥನೆ, ಗೀತ, ತಂಗಾಳಿ. ಹೊರಗೆ ಒಬ್ಬ ಮನುಷ್ಯ, ಒಳಗಿನವರಿಗೆ ಗಾಳಿ ಸಾಲದಾಯಿತೋ ಏನೋ ಎಂದು ಊಹಿಸುತ್ತ ಹಗ್ಗ ಎಳೆಯುತ್ತಿದ್ದಾನೆ. ಒಳಗಿನ ಗೋಡೆಗಳ ಉದ್ದಕ್ಕೂ ಪೋರ್ತುಗೀಸರ, ಡಚ್ಚರ ಸಮಾಧಿಗಲ್ಲುಗಳು. ಹೆಸರು, ಮನೆತನ, ಲಾಂಛನ ಎಲ್ಲವನ್ನೂ ಕೊರೆದಿದ್ದಾರೆ. ಮೂವತ್ತು ವರ್ಷದ ಹಿಂದೆಯೂ ಆ ಹಗ್ಗ ಅಲ್ಲೇ ಇತ್ತು. ನನ್ನ ದಿನಚರಿಯಲ್ಲಿ ಅದು ಇಲ್ಲ.

ಹೀಗೆ ಒಮ್ಮೆ ಕಣ್ಣು ತಪ್ಪಿದ್ದು ಗೊತ್ತಾದ ಮೇಲೆ, ದಿನಚರಿಯನ್ನು ಚೀಲದಲ್ಲಿಟ್ಟು, ಅದರಲ್ಲಿ ಇಲ್ಲದ ಕಡೆಗೆ ಹೋಗುವುದೆಂದು ನಿಶ್ಚಯಿಸಿದೆ.

ಮೊದಲು ಹೋದದ್ದು ಅಗಸರ ಕೇರಿಗೆ. ಡಚ್ಚರು ತಮ್ಮ ಸಿಪಾಯಿಗಳ ಉಡುಪು ಒಗೆಯಲು ತಮಿಳು ನಾಡಿನಿಂದ ವಣ್ಣಾರ್ ಕುಟುಂಬಗಳನ್ನು ಕರೆತಂದರು. ಡಚ್ಚರು ಹೋದರು, ಸಿಪಾಯಿಗಳು ಹೋದರು, ವಣ್ಣಾರರು ಉಳಿದರು. ಸಿಮೆಂಟಿನ ಒಗೆಯುವ ತೊಟ್ಟಿಗಳ ಸಾಲು, ಬಯಲಿನಲ್ಲಿ ಒಣಗುವ ಬಿಳಿಯ ಬಟ್ಟೆ; ಹಗ್ಗಕ್ಕೆ ಗುಬ್ಬಿ ಹಾಕುವುದಿಲ್ಲ, ಎರಡು ಹಗ್ಗವನ್ನು ಹೊಸೆದು ಅದರ ನಡುವೆ ಬಟ್ಟೆಯ ತುದಿಯನ್ನು ಸಿಗಿಸುತ್ತಾರೆ. ಒಳಗೆ ಒಬ್ಬ ಮುದುಕಿ ಕೆಂಡದ ಪೆಟ್ಟಿಗೆಯಿಂದ ಬಟ್ಟೆ ತೀಡುತ್ತಿದ್ದಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಮಲೆಯಾಳ. ಡಚ್ಚರು ಕರೆತಂದ ತಮಿಳರ ಕೈಯಲ್ಲಿ ಪೋರ್ತುಗೀಸ್ ಹೆಸರಿನ ಇಸ್ತ್ರಿ! "ಅಮ್ಮಾ, ಈ ಮಾತು ಎಲ್ಲಿಂದ ಬಂತು ಗೊತ್ತೆ?" ಎಂದು ನನಗೆ ಬಂದಷ್ಟು ತಮಿಳಿನಲ್ಲಿ ಆರಂಭಿಸಿದೆ. ಅವಳು ನನ್ನ ಅಂಗಿಯನ್ನು ನೋಡಿ, "ಬಿಚ್ಚಿ ಕೊಡು, ಐದು ನಿಮಿಷ" ಎಂದಳು. ರೈಲಿನಲ್ಲಿ ಮುದ್ದೆಯಾಗಿದ್ದ ಅಂಗಿ. ಬನಿಯನ್ನಿನಲ್ಲಿ ನಿಂತು ಪದವ್ಯುತ್ಪತ್ತಿಯ ಪಾಠ ಮಾಡುವುದು ಚೆನ್ನಾಗಿ ಕಾಣುವುದಿಲ್ಲವೆಂದು ಸುಮ್ಮನಾದೆ.

ಮಧ್ಯಾಹ್ನ ಮಟ್ಟಾಂಚೇರಿಗೆ ನಡೆದೆ. ದಾರಿಯಲ್ಲಿ ಗೋದಾಮುಗಳ ಸಾಲು. ಶುಂಠಿ, ಮೆಣಸು, ಏಲಕ್ಕಿಗಳ ಘಾಟು ಮೂಗಿಗೆ ಏರುತ್ತದೆ. ಗುಜರಾತಿಗಳ ಬೀದಿ, ಜೈನರ ಬಸದಿ, ಕಚ್ಛಿಗಳ ಮಸೀದಿ. ನಾಲ್ಕಾರು ಚದರ ಕಿಲೋಮೀಟರುಗಳಲ್ಲಿ ಮೂವತ್ತಕ್ಕೂ ಹೆಚ್ಚು ಸಮುದಾಯಗಳಿವೆ ಎಂದು ಇಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ. ಚಹಾದಂಗಡಿಯಲ್ಲಿ ಎಂಬತ್ತು ದಾಟಿದ ಒಬ್ಬ ಮುದುಕರ ಪಕ್ಕದಲ್ಲಿ ಕುಳಿತೆ. ಹಿಂದೆ ರೇವಿನಲ್ಲಿ ಮೂಟೆ ಹೊತ್ತವರು. ಅವರು 'ಚಾಪ್ಪ'ದ ಕಥೆ ಹೇಳಿದರು.

ಹಡಗು ಬಂದಾಗ ಕೂಲಿಗಾಗಿ ನೂರಾರು ಜನ ನಸುಕಿನಲ್ಲೇ ಸೇರುತ್ತಿದ್ದರು. ಗುತ್ತಿಗೆದಾರನ ಮನುಷ್ಯ ಎತ್ತರದಲ್ಲಿ ನಿಂತು ಲೋಹದ ಬಿಲ್ಲೆಗಳನ್ನು ಆ ಗುಂಪಿನ ಮೇಲೆ ಎರಚುತ್ತಿದ್ದ. ಬಿಲ್ಲೆ ಸಿಕ್ಕಿದವನಿಗೆ ಅಂದಿನ ಕೂಲಿ. ಸಿಕ್ಕದವನಿಗೆ ಮೈತುಂಬ ಗಾಯ. ಅಣ್ಣ ತಮ್ಮನ ಕೈಯನ್ನು ಕಚ್ಚಿ ಬಿಲ್ಲೆ ಕಸಿದದ್ದುಂಟಂತೆ. ಆ ಬಿಲ್ಲೆಗೆ ಚಾಪ್ಪ ಎಂದು ಹೆಸರು. ನಮ್ಮ ಛಾಪಾ ಕಾಗದದ ನೆನಪಾಗುತ್ತದೆ, ಅಲ್ಲವೆ? ಪೋರ್ತುಗೀಸರಲ್ಲಿ ಲೋಹದ ತಗಡಿಗೂ ಇದೇ ಹೆಸರು. ಅವರ ಇಂದಿನ ಉಚ್ಚಾರಣೆಯಲ್ಲಿ ಅದು 'ಶಾಪ'. ಈ ಒಂದು ಮಾತನ್ನು ಅವರು ಸರಿಯಾಗಿ ಉಚ್ಚರಿಸುತ್ತಾರೆ ಎನ್ನಿಸಿತು. ಪರದೇಶದ ದೊರೆಗಳು ಹೊರಟುಹೋದ ಮೇಲೂ ಈ ಪದ್ಧತಿ ನಿಂತಿರಲಿಲ್ಲ. 1953ರ ಸೆಪ್ಟೆಂಬರಿನಲ್ಲಿ ಇದರ ವಿರುದ್ಧ ಮುಷ್ಕರ ನಡೆದು, ಪೊಲೀಸರು ಗುಂಡು ಹಾರಿಸಿದರು. ಆ ಹೋರಾಟದಲ್ಲಿ ಸತ್ತವರು ಮೂವರು: ಸೈದು, ಸೈದಲವಿ, ಆಂಟನಿ. ಆ ದಿನಗಳ ಕಥೆಯನ್ನು ಕೆ. ಎಂ. ಚಿದಂಬರನ್ ನಾಟಕವಾಗಿ ಬರೆದರು. 2023ರಲ್ಲಿ 'ತುರಮುಖಂ' ಎಂಬ ಚಲಚ್ಚಿತ್ರವೂ ಬಂತು.

ನನ್ನ ಪ್ರಬಂಧದಲ್ಲಿ ಕೊಚ್ಚಿಯ ಮುಸಲ್ಮಾನರೂ ಕ್ರೈಸ್ತರೂ ಕೈಕೈ ಹಿಡಿದು ನಿಂತಿದ್ದಾರೆ. ಯಾವಾಗ, ಎಲ್ಲಿ ಹಿಡಿದರು ಎಂದು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಮುದುಕರು ಆ ಬೀದಿಯ ಕಡೆಗೆ ಕೈ ತೋರಿಸಿ, ಚಹಾದ ಹಣವನ್ನು ತಾವೇ ಕೊಟ್ಟು ಎದ್ದುಹೋದರು.

ಮರುದಿನ ಬೆಳಗ್ಗೆ ಅರಮನೆ. ಡಚ್ ಅರಮನೆ ಎಂದು ಹೆಸರು. ಕಟ್ಟಿಸಿದವರು ಪೋರ್ತುಗೀಸರು, 1555ರಲ್ಲಿ, ಕೊಚ್ಚಿಯ ರಾಜನಿಗೆ ಕಾಣಿಕೆಯಾಗಿ. ಡಚ್ಚರು ದುರಸ್ತಿ ಮಾಡಿಸಿದ್ದು ಮಾತ್ರ. ಹೆಸರು ಮಾತ್ರ ಕೊನೆಯಲ್ಲಿ ಸುಣ್ಣ ಬಳಿದವರದಾಯಿತು. ಒಳಗೆ ರಾಜರ ಶಯ್ಯಾಗೃಹದ ಗೋಡೆಗಳ ಮೇಲೆ ರಾಮಾಯಣದ ಚಿತ್ರಗಳಿವೆ. ಅವುಗಳ ವರ್ಣನೆಗೆ ನಾನು ಇಳಿಯುವುದಿಲ್ಲ. ಬಾನುಲಿಯಲ್ಲಿ ಬಣ್ಣ ಕಾಣಿಸುವ ಶಕ್ತಿ ನನಗಿಲ್ಲ.

ಅರಮನೆಯ ಆವರಣದಲ್ಲಿ ರಾಜಮನೆತನದ ಭಗವತಿಯ ಗುಡಿ. ಅದರ ಗೋಡೆಗೆ ಗೋಡೆ ತಾಗಿದಂತೆ ಯಹೂದ್ಯರ ಪ್ರಾರ್ಥನಾಮಂದಿರ. 1568ರಲ್ಲಿ ಕಟ್ಟಿದ್ದು. ಮಲೆಯಾಳದಲ್ಲಿ ಅದೂ 'ಪಳ್ಳಿ', ಇಗರ್ಜಿಯೂ ಪಳ್ಳಿ, ಮಸೀದಿಯೂ ಪಳ್ಳಿ. ಪಕಾರ ಹಕಾರವಾಗುವ ನಮ್ಮ ನಿಯಮವನ್ನು ಹಚ್ಚಿದರೆ ಅದೇ ನಮ್ಮ 'ಹಳ್ಳಿ'. ಜನ ಸೇರಿ ನೆಲೆಸುವುದು ಹಳ್ಳಿ, ಜನ ಸೇರಿ ಪ್ರಾರ್ಥಿಸುವುದು ಪಳ್ಳಿ. ಇದನ್ನು 1994ರಲ್ಲೇ ಕಂಡುಹಿಡಿದು ಬಹಳ ಹೆಮ್ಮೆಪಟ್ಟಿದ್ದೆ.

ಯಹೂದ್ಯರು ಕೇರಳಕ್ಕೆ ಬಂದದ್ದು ಬಹು ಹಿಂದೆ. ಸುಮಾರು 1000ನೆಯ ಇಸವಿಯಲ್ಲಿ ಚೇರದೊರೆ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನ್ ಎಂಬ ಯಹೂದ್ಯ ಮುಖಂಡನಿಗೆ ತಾಮ್ರಶಾಸನ ಹಾಕಿಸಿಕೊಟ್ಟ. ಹಗಲು ದೀವಟಿಗೆ, ಛತ್ರಿ, ಪಲ್ಲಕ್ಕಿ, ಭೇರಿ, ಕಹಳೆ: ನಮ್ಮ ಶಾಸನಗಳಲ್ಲಿ ಮಹಾಮಂಡಲೇಶ್ವರರಿಗೆ ಸಿಗುವಂಥ ಬಿರುದುಬಾವಲಿಗಳು. ಮುಂದೆ ಪೋರ್ತುಗೀಸರ ಕಾಲದಲ್ಲಿ ಕೊಡುಂಗಲ್ಲೂರಿನಿಂದ ಓಡಿಬಂದ ಯಹೂದ್ಯರಿಗೆ ಕೊಚ್ಚಿಯ ರಾಜನೇ ಅರಮನೆಯ ಪಕ್ಕದಲ್ಲಿ ಜಾಗ ಕೊಟ್ಟ. 1662ರಲ್ಲಿ ಪೋರ್ತುಗೀಸರು ಈ ಮಂದಿರಕ್ಕೂ ಬೆಂಕಿ ಹಚ್ಚಿದರು. ಡಚ್ಚರು ಬಂದ ಮೇಲೆ ಅದು ಮತ್ತೆ ಎದ್ದಿತು. ನೆಲಕ್ಕೆ ಚೀನದ ಕ್ಯಾಂಟನ್ನಿನಿಂದ ತರಿಸಿದ, ನೀಲಿ ಬಣ್ಣದಲ್ಲಿ ಕೈಯಿಂದ ಚಿತ್ರ ಬರೆದ ಬಿಳಿಯ ಹಾಸುಬಿಲ್ಲೆಗಳು. 1760ರಲ್ಲಿ ಎಜೆಕಿಯೆಲ್ ರಹಬಿ ಎಂಬ ವರ್ತಕ ಕಟ್ಟಿಸಿದ ಗಡಿಯಾರದ ಗೋಪುರದಲ್ಲಿ ಹೀಬ್ರೂ, ರೋಮನ್, ಮಲೆಯಾಳ ಅಂಕಿಗಳು.

ಇಷ್ಟನ್ನೂ ನಾನು ಮಕ್ಕಳಿಗೆ ಹೇಳಿದ್ದೆ. ಹೇಳದೆ ಬಿಟ್ಟದ್ದನ್ನು ಈಗ ಹೇಳುತ್ತೇನೆ. ಈ ಮಂದಿರ 'ಪರದೇಶಿ' ಯಹೂದ್ಯರದು, ಎಂದರೆ ಸ್ಪೇನ್ ಮೊದಲಾದ ಕಡೆಗಳಿಂದ ಆಮೇಲೆ ಬಂದವರದು. ಅವರಿಗಿಂತ ಮುಂಚೆ ಬಂದ ಮಲಬಾರಿ ಯಹೂದ್ಯರನ್ನು ಇವರು ಸಮಾನರೆಂದು ಎಣಿಸುತ್ತಿರಲಿಲ್ಲ. ದಾಸ್ಯದಿಂದ ಬಿಡುಗಡೆ ಹೊಂದಿದವರ ಸಂತತಿಯವರಿಗಂತೂ ಮಂದಿರದ ಒಳಗಿನ ಆಸನಗಳಲ್ಲಿ ಕುಳಿತುಕೊಳ್ಳುವ ಹಕ್ಕು ಇರಲಿಲ್ಲ. ಅವರಲ್ಲೇ ಹುಟ್ಟಿ, ವಕೀಲರಾಗಿ, ಗಾಂಧೀಜಿಯವರ ಮಾರ್ಗ ಹಿಡಿದ ಎ. ಬಿ. ಸೇಲಂ ಎಂಬವರು ತಮ್ಮವರ ಮಂದಿರದಲ್ಲೇ ತಮ್ಮವರ ಎದುರಿಗೇ ಸತ್ಯಾಗ್ರಹ ನಡೆಸಿದರು. 1882ರಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡ ಇವರನ್ನು 'ಯಹೂದ್ಯ ಗಾಂಧಿ' ಎಂದು ಕರೆಯುತ್ತಾರೆ. ಗುಡಿಗೂ ಪಳ್ಳಿಗೂ ನಡುವೆ ಇರುವುದು ಒಂದೇ ಗೋಡೆ ಎಂದು ನಾನು ಮಕ್ಕಳೆದುರಿಗೆ ಎಷ್ಟು ಸಲ ಕೊಂಡಾಡಿದ್ದೇನೆ! ಪಳ್ಳಿಯ ಒಳಗೆ ಇದ್ದ ಗೋಡೆಯನ್ನು ನೋಡಿರಲಿಲ್ಲ. ನಮ್ಮ ಊರಿನ ಪಂಕ್ತಿಭೋಜನಗಳನ್ನು ನೋಡಿ ಬೆಳೆದ ನನಗೆ ಅದು ಕಾಣಬೇಕಾಗಿತ್ತು.

ಮೊದಲ ಭೇಟಿಯಲ್ಲಿ ಆ ಬೀದಿಯ ಕಿಟಕಿಯೊಂದರಲ್ಲಿ ಒಬ್ಬ ಯಹೂದ್ಯ ವೃದ್ಧೆ ಕುಳಿತಿದ್ದರು. ನಾನು ಇಣುಕಿ ನೋಡಿದ್ದನ್ನು ಕಂಡು ಮಲೆಯಾಳದಲ್ಲಿ "ಎಲ್ಲಿಂದ ಬಂದೆ?" ಎಂದು ಕೇಳಿದರು. ಬಿಳಿಯ ಮುಖ ನೋಡಿ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಅವರು ನಕ್ಕು, ಮತ್ತೆ ಮಲೆಯಾಳದಲ್ಲೇ ಏನೋ ಹೇಳಿ ಒಳಗೆ ಹೋದರು. ಅವರ ಪಾಲಿಗೆ ಪರದೇಶಿ ನಾನು ಎಂಬುದು ರೈಲು ಹತ್ತಿದ ಮೇಲೆ ಹೊಳೆಯಿತು. ಈಗ ಅದು ಯಾವ ಕಿಟಕಿಯೆಂದೇ ಗುರುತು ಸಿಗಲಿಲ್ಲ. ಬೀದಿಯ ತುಂಬ ಹಳೆಯ ಸಾಮಾನಿನ ಅಂಗಡಿಗಳು, ಹಲವು ಕಾಶ್ಮೀರದವರವು. 1948ರ ಹೊತ್ತಿಗೆ ಕೇರಳದಲ್ಲಿ ಸುಮಾರು ಎರಡೂವರೆ ಸಾವಿರ ಯಹೂದ್ಯರಿದ್ದರು. ಐವತ್ತರ ದಶಕದಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೊರಟರು. ಈ ಬೀದಿಯ ಸಾರಾ ಕೊಹೆನ್ 2019ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕ್ವೀನಿ ಹಲೇಗುವ 2024ರಲ್ಲಿ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಗಂಡಸರು ಬೇಕೆಂಬುದು ಅವರ ವಿಧಿ. ಬಹಳ ಕಾಲದಿಂದ ಆ ಲೆಕ್ಕ ಊರಿನವರಿಂದ ತುಂಬುತ್ತಿಲ್ಲ.

ಸಾರಾ ಅವರ ಕಸೂತಿಯ ಅಂಗಡಿಯನ್ನೂ, ಕೊನೆಗಾಲದಲ್ಲಿ ಅವರನ್ನೂ ನೋಡಿಕೊಂಡವರು ಒಬ್ಬ ಮುಸಲ್ಮಾನ ಗೃಹಸ್ಥರು. ಹುಡುಗನಾಗಿದ್ದಾಗ ಅದೇ ಬೀದಿಯಲ್ಲಿ ಪ್ರವಾಸಿಗರಿಗೆ ಚಿತ್ರದ ಕಾರ್ಡುಗಳನ್ನು ಮಾರುತ್ತಿದ್ದವರು. ಇಲ್ಲಿ ನನ್ನ ಹಳೆಯ ವಾಕ್ಯಕ್ಕೆ ಸಾಕ್ಷಿ ಸಿಕ್ಕಿತೆಂದು ಒಂದು ಗಳಿಗೆ ಹಿಗ್ಗಿದೆ. ಆಮೇಲೆ ಯೋಚಿಸಿದರೆ, ಅದು ಒಬ್ಬ ಮನುಷ್ಯ ಒಬ್ಬ ಮುದುಕಿಗೆ ಮಾಡಿದ ಉಪಕಾರ. ಊರಿನ ಲೆಕ್ಕಕ್ಕೆ ಬರೆದುಕೊಳ್ಳಲು ನಾನಾರು?

ಇನ್ನು ಚೆರಳಾಯಿ. ನನ್ನ ದಿನಚರಿಯಲ್ಲಿ ಈ ಕೇರಿಯ ಹೆಸರೂ ಇಲ್ಲ. ಏಕೆಂದರೆ ಅಲ್ಲಿರುವವರು ನಮ್ಮವರು. ಕೊಂಕಣಿಗಳನ್ನು ನೋಡಲು ಕುಮಟೆ, ಹೊನ್ನಾವರಗಳ ಕಡೆಯಿಂದ ಯಾರಾದರೂ ಕೊಚ್ಚಿಗೆ ಹೋಗುತ್ತಾರೆಯೆ? ಗೋವೆಯಲ್ಲಿ ಪೋರ್ತುಗೀಸರ ಕಾಟ ತಾಳಲಾರದೆ, 1560ರಲ್ಲಿ ಅಲ್ಲಿ ಮತವಿಚಾರಣೆಯ ನ್ಯಾಯಾಲಯ ಬಂದ ಮೇಲಂತೂ, ಗೌಡ ಸಾರಸ್ವತರು ದೇವರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಕರಾವಳಿಯುದ್ದಕ್ಕೂ ತೆಂಕಕ್ಕೆ ಬಂದರು. ಕೆಲವರು ನಮ್ಮಲ್ಲಿ ಉಳಿದರು, ಕೆಲವರು ಕೊಚ್ಚಿಯವರೆಗೆ ಹೋದರು. ಅದೇ ಪೋರ್ತುಗೀಸರ ಇನ್ನೊಂದು ಕೋಟೆಯ ಬಗ್ಗುಲಿಗೆ! ಆದರೆ ಅಲ್ಲಿ ರಾಜನ ನೆರಳು ಇತ್ತು. ಆ ನೆರಳೂ ಯಾವಾಗಲೂ ತಂಪಾಗಿರಲಿಲ್ಲ. 1791ರಲ್ಲಿ ಶಕ್ತನ್ ತಂಬುರಾನ್ ಎಂಬ ರಾಜನಿಗೂ ಇವರಿಗೂ ವಿರಸ ಬೆಳೆದು ರಕ್ತ ಹರಿಯಿತು. ತಿರುಮಲದೇವರ ವಿಗ್ರಹವನ್ನು ತಿರುವಾಂಕೂರಿನ ನೆಲಕ್ಕೆ ಒಯ್ದರು. ಅದು ಕೊಚ್ಚಿಗೆ ಮರಳಿದ್ದು 1853ರಲ್ಲಿ.

ಒಂದು ಮನೆಯ ಅಂಗಳದಲ್ಲಿ ಹಪ್ಪಳ ಒಣಗಿಸಿದ್ದರು. ಕಾಗೆ ಓಡಿಸುತ್ತಿದ್ದ ಅಜ್ಜಿಯ ಮಾತು ಕಿವಿಗೆ ಬಿದ್ದು ನಿಂತೆ. ಮಲೆಯಾಳದ ರಾಗದಲ್ಲಿ ಕೊಂಕಣಿ. ನನ್ನ ಹರುಕುಮುರುಕು ಕೊಂಕಣಿಯಲ್ಲಿ ಮಾತನಾಡಿಸಿದೆ. "ಯೋ, ಬೈಸ" ಎಂದು ಒಳಗೆ ಕರೆದರು. ಅವರ ಯಜಮಾನರು ನಿವೃತ್ತ ಗುಮಾಸ್ತರು, ಓದಿಕೊಂಡವರು. ಅವರು ಹೇಳಿದ ಒಂದು ಗ್ರಂಥದ ಕಥೆಯನ್ನು ನಾನು ಅಲ್ಲಿಯವರೆಗೆ ಸರಿಯಾಗಿ ಕೇಳಿರಲಿಲ್ಲ.

1670ರ ದಶಕದಲ್ಲಿ ಕೊಚ್ಚಿಯಲ್ಲಿ ವಾನ್ ರೀಡ್ ಎಂಬ ಡಚ್ ಅಧಿಕಾರಿ ಇದ್ದ. ಮಲಬಾರಿನ ಗಿಡಮೂಲಿಕೆಗಳನ್ನೆಲ್ಲ ಚಿತ್ರ ಸಹಿತ ಬರೆಯಿಸಬೇಕೆಂದು ಹೊರಟ. ಹೀಗೆ ಹುಟ್ಟಿದ್ದು 'ಹೋರ್ಟುಸ್ ಮಲಬಾರಿಕುಸ್'. 1678ರಿಂದ 1693ರವರೆಗೆ ಆಂಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾಯಿತು. 742 ಗಿಡಗಳ ವಿವರ ಅದರಲ್ಲಿದೆ. ಗಿಡಗಳ ಗುಣ ಹೇಳಿದವನು ಇಟ್ಟಿ ಅಚ್ಯುತನ್, ಈಳವ ಜಾತಿಯ ವೈದ್ಯ. ಅವನ ಜೊತೆಗೆ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರು: ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ. ಹೇಳಿದ್ದನ್ನು ಒಬ್ಬರು ಪೋರ್ತುಗೀಸಿಗೆ ತಿರುಗಿಸಬೇಕು, ಇನ್ನೊಬ್ಬರು ಲ್ಯಾಟಿನ್ನಿಗೆ. ಮೊದಲ ಸಂಪುಟದಲ್ಲಿ ಅಚ್ಯುತನ್ ವೈದ್ಯನ ಪ್ರಮಾಣಪತ್ರ ಮಲೆಯಾಳದಲ್ಲಿದೆ, ಭಟ್ಟರದು ನಾಗರ ಲಿಪಿಯಲ್ಲಿ ಕೊಂಕಣಿ. ಇದನ್ನು ಇಂಗ್ಲಿಷಿಗೂ ಮಲೆಯಾಳಕ್ಕೂ ತರಲು ಕೆ. ಎಸ್. ಮಣಿಲಾಲ್ ಎಂಬ ಸಸ್ಯವಿಜ್ಞಾನಿ ಹಲವು ದಶಕಗಳನ್ನೇ ವ್ಯಯಿಸಿದರು.

ಆ ನಾಲ್ವರು ವೈದ್ಯರು ಒಟ್ಟಿಗೆ ಕುಳಿತು ಉಂಡಿರುವ ಸಂಭವವಿಲ್ಲ. ಭಟ್ಟರು ಮನೆಗೆ ಹೋಗಿ ಸ್ನಾನ ಮಾಡಿರಲೂ ಸಾಕು. ಒಂದೇ ತಾಯಿಯ ಮಕ್ಕಳು ಅವರಲ್ಲ. ಆದರೆ ಒಂದು ಎಲೆಯ ಹೆಸರು ಸರಿಯೋ ತಪ್ಪೋ ಎಂಬ ವಿಷಯದಲ್ಲಿ ಒಬ್ಬರ ಮಾತನ್ನು ಒಬ್ಬರು ಕೇಳಿದ್ದಾರೆ. ಅಷ್ಟಾಗಿದೆ.

ಹುಡುಗಿಯ ಪ್ರಶ್ನೆಯನ್ನು ಆ ಯಜಮಾನರ ಮುಂದಿಟ್ಟೆ. ಅವರು ಉತ್ತರ ಹೇಳುವ ಮೊದಲೇ ಅಜ್ಜಿ ಹೊರಗಿನಿಂದ ಹೇಳಿದರು: "ಗಂಡನ ಮನೆ ಚೆನ್ನಾಗಿದ್ದರೆ ತವರಿಗೆ ಹೋಗಬಾರದೆಂದಿದೆಯೆ?" ಯಜಮಾನರು ಸ್ವಲ್ಪ ತಡೆದು, "ಅದೂ ನಿಜ. ಆದರೆ ಈ ಬೀದಿಯ ಯಹೂದ್ಯರು ಕಡಮೆಯಾದದ್ದಕ್ಕೆ ಇನ್ನೊಂದು ಕಾರಣವಿದೆ. ಹೆಣ್ಣು ಗಂಡು ಸಿಗಲಿಲ್ಲ" ಎಂದರು. 1950ರವರೆಗೆ ಪರದೇಶಿಗಳು ಇತರ ಯಹೂದ್ಯರೊಂದಿಗೆ ಮದುವೆ ಸಂಬಂಧ ಬೆಳೆಸುತ್ತಿರಲಿಲ್ಲ; ಆ ವರ್ಷ ಸೇಲಂ ಅವರ ಮಗನೇ ಪರದೇಶಿ ಮನೆತನದ ಹುಡುಗಿಯನ್ನು ಕೈಹಿಡಿದ. ಅಷ್ಟರಲ್ಲಿ ಬಹಳ ಜನ ಹಡಗಿನ ಚೀಟಿ ವಿಚಾರಿಸತೊಡಗಿದ್ದರು. ನಾನು ಹೊರಡುವಾಗ ಅಜ್ಜಿ ಒಂದು ಕಟ್ಟು ಹಪ್ಪಳ ಕೊಟ್ಟು, ಕುಮಟೆಯಲ್ಲಿ ಈಗ ತೆಂಗಿನಕಾಯಿಗೆ ಏನು ಬೆಲೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಜೂನಿನಲ್ಲಿ ಶಾಲೆ ತೆರೆದಾಗ ಆ ಹುಡುಗಿ ಹತ್ತನೆಯ ತರಗತಿಯಲ್ಲಿದ್ದಳು. ವ್ಯಾಕರಣದ ಪಾಠವನ್ನು ಒಂದು ದಿನ ಬದಿಗಿಟ್ಟು, ನಾನು ಹಿಂದಿನ ವರ್ಷ ಬರೆಯಿಸಿದ ವಾಕ್ಯ ತಪ್ಪು ಎಂದು ಹೇಳಿದೆ. ತವರಿನ ಮಾತು ಹೇಳಿದೆ, ಗೋಡೆಯ ಮಾತು ಹೇಳಿದೆ. ಚಾಪ್ಪದ ಕಥೆ ಹೇಳುವಾಗ ಹಿಂದಿನ ಬೆಂಚಿನ ಹುಡುಗರೂ ಸುಮ್ಮನೆ ಕುಳಿತು ಕೇಳಿದರು. ಕೊನೆಗೆ ಇಗರ್ಜಿಯ ಹೊರಗೆ ನಿಂತು ಹಗ್ಗ ಎಳೆಯುತ್ತಿದ್ದವನ ವಿಚಾರ ಬಂತು.

"ಅವನ ಹೆಸರೇನು ಸಾರ್?" ಎಂದಳು.

ಒಳಗೆ ಅಷ್ಟು ಕಲ್ಲುಗಳಿವೆ, ಅವನ ಹೆಸರು ಯಾವುದರ ಮೇಲೂ ಇಲ್ಲ ಎಂದೆ. ಅವಳು ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಗಂಟೆ ಬಾರಿಸಿತು.